ಸೈರನ್ ಕೂಗಿದಾಗ ಬಾಗಿಲಿಗೆ ಬರುವವರು ಯಾರು?

ಪ್ರಶ್ನೆ: ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಸ್ವಂತ ಮನೆ. ಮಗಳ ಬಾಣಂತನಕ್ಕೆಂದು ನಾನು ಮತ್ತು ನಮ್ಮ ಯಜಮಾನರು ಮೂರು ತಿಂಗಳು ಪುಣೆಯಲ್ಲಿ ಇರಬೇಕಾಗಿದೆ. ಮನೆಯ ಭದ್ರತೆಗಾಗಿ ವಿಚಾರಿಸಿದಾಗ, ಮೊಬೈಲಿಗೆ ಸೂಚನೆ ಬರುವ ವ್ಯವಸ್ಥೆಗೆ ಒಬ್ಬರು ತಿಂಗಳಿಗೆ 250 ರೂಪಾಯಿ ಹೇಳಿದರು. ದಿನದ 24 ಗಂಟೆಯೂ ತಮ್ಮ ಕೇಂದ್ರದಿಂದಲೇ ಗಮನಿಸುತ್ತೇವೆಂದು ಇನ್ನೊಬ್ಬರು 1,400 ರೂಪಾಯಿ ಕೇಳುತ್ತಿದ್ದಾರೆ. ಯಾವುದನ್ನು ಆರಿಸಿಕೊಳ್ಳಬೇಕು?
– ಗೃಹಿಣಿ, ಬನಶಂಕರಿ

ಉತ್ತರ: ಎರಡೂ ಕಡೆ ಕ್ಯಾಮೆರಾ, ಸೆನ್ಸರ್‌ಗಳು ಬಹುತೇಕ ಒಂದೇ ಬಗೆಯವು. ನೀವು ತಿಂಗಳು ತಿಂಗಳು ಹಣ ಕೊಡುವುದು ಸೈರನ್ ಕೂಗಿದ ಮೇಲೆ ನಡೆಯುವ ಕೆಲಸಕ್ಕೆ. 250 ರೂಪಾಯಿಯ ಯೋಜನೆಯಲ್ಲಿ ರಾತ್ರಿ ಎರಡು ಗಂಟೆಗೆ ಸೂಚನೆ ಬಂದರೆ ಪುಣೆಯಲ್ಲಿ ಮಲಗಿರುವ ನೀವೇ ಎದ್ದು ನೋಡಬೇಕು. 1,400 ರೂಪಾಯಿಯ ಯೋಜನೆಯಲ್ಲಿ ಎಚ್ಚರವಾಗಿರುವ ಸಿಬ್ಬಂದಿಯೊಬ್ಬರು ಅದನ್ನು ನೋಡುತ್ತಾರೆ. ಆದರೆ ಅವರೂ ಮೊದಲು ನಿಮಗೆ, ಆಮೇಲೆ ನೀವು ಹೆಸರಿಸಿದ ನೆಂಟರಿಗೋ ನೆರೆಯವರಿಗೋ ಕರೆ ಮಾಡಿ, ಕೊನೆಗೆ 112ಕ್ಕೆ ತಿಳಿಸುವಷ್ಟಕ್ಕೇ ನಿಲ್ಲಬಹುದು. ಆದ್ದರಿಂದ ಸೈರನ್ ಕೂಗಿದ ಎಷ್ಟು ನಿಮಿಷದೊಳಗೆ ಯಾರಿಗೆ ಕರೆ ಹೋಗುತ್ತದೆ, ಯಾರೂ ಫೋನ್ ಎತ್ತದಿದ್ದರೆ ತಮ್ಮ ಕಾವಲುಗಾರನನ್ನೇ ಮನೆಗೆ ಕಳುಹಿಸುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಅದರ ಪ್ರತಿಯನ್ನು ಸಂಕೋಚವಿಲ್ಲದೆ ಕೇಳಿ.

ಸುಳ್ಳು ಎಚ್ಚರಿಕೆಯ ವಿಷಯವನ್ನು ಮಾರಾಟಗಾರರು ತಾವಾಗಿ ಎತ್ತುವುದಿಲ್ಲ. ಮಲ್ಲೇಶ್ವರದ ಹಳೆಯ ಮನೆಯೊಂದರಲ್ಲಿ ಸತತ ನಾಲ್ಕು ರಾತ್ರಿ ಸೈರನ್ ಕೂಗಿತ್ತು. ನಾನು ಹೋಗಿ ನೋಡಿದಾಗ ಹಜಾರದ ಮೂಲೆಯ ಸೆನ್ಸರ್‌ನ ಬಿಳಿ ಪ್ಲಾಸ್ಟಿಕ್ ಮುಸುಕಿನ ಮೇಲೆ ಹಲ್ಲಿಯೊಂದು ಹೊಟ್ಟೆಯೂರಿ ಕುಳಿತಿತ್ತು. ಹಾದುಹೋಗುವ ಶಾಖದ ವ್ಯತ್ಯಾಸವನ್ನು ಗ್ರಹಿಸುವ ಆ ಉಪಕರಣಕ್ಕೆ ಕಣ್ಣಿಗೇ ಅಂಟಿದ ಹಲ್ಲಿ ದೊಡ್ಡ ಚಲನೆಯಾಗಿಯೇ ಕಾಣುತ್ತದೆ. ನನಗೆ ಕಳವಳ ತಂದದ್ದು ಹಲ್ಲಿಯಲ್ಲ. ಮೂರನೆಯ ರಾತ್ರಿಯಿಂದ ಕೇಂದ್ರದವರು ಕರೆ ಮಾಡುವುದನ್ನೇ ನಿಲ್ಲಿಸಿದ್ದರು. ಹಾಗಾಗಿ ಮುಂಬಾಗಿಲು, ಹಿತ್ತಿಲ ಬಾಗಿಲು ಮತ್ತು ಮಹಡಿಯ ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಹಾಕಿಸಿ, ಒಳಗಿನ ಚಲನೆಯ ಸೆನ್ಸರ್ ಎರಡನೆಯ ಸಾಕ್ಷಿಯಾಗಿರಲಿ. ಊರಿಗೆ ಹೊರಡುವ ಮೊದಲು ಒಂದು ವಾರವಾದರೂ ವ್ಯವಸ್ಥೆಯನ್ನು ನಡೆಸಿ ನೋಡಿ.

ಅಳವಡಿಸಲು ಬಂದ ತಂತ್ರಜ್ಞರು ಹೊರಡುವ ಮುನ್ನ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ಹಿತ್ತಿಲ ಬಾಗಿಲನ್ನು ನೀವೇ ತೆರೆದು, ಗಡಿಯಾರ ನೋಡುತ್ತಾ ನಿಲ್ಲಿ. ಕರೆ ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಸೈರನ್ ಪೆಟ್ಟಿಗೆಯೊಳಗೆ ಬ್ಯಾಟರಿ ಇದ್ದರೂ ರೂಟರ್ ಮತ್ತು ಫೈಬರ್ ಪೆಟ್ಟಿಗೆ ಯುಪಿಎಸ್‌ಗೆ ಸೇರಿರುವುದಿಲ್ಲ. ಮಳೆಗಾಲದಲ್ಲಿ ಬೆಸ್ಕಾಂ ವಿದ್ಯುತ್ ಹೋದ ರಾತ್ರಿಯೇ ವ್ಯವಸ್ಥೆ ಕುರುಡಾಗುತ್ತದೆ. ಸಿಮ್ ಕಾರ್ಡ್ ಮೂಲಕವೂ ಸೂಚನೆ ಕಳುಹಿಸುವ ಪೆಟ್ಟಿಗೆಯನ್ನೇ ಕೇಳಿ ಪಡೆಯಿರಿ.

ದೃಶ್ಯದ ಸಂಗ್ರಹಕ್ಕೆ ಹೆಚ್ಚು ಹಣ ಸುರಿಯಬೇಡಿ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದೇ ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ಕಳುಹಿಸುತ್ತದೆ. ಇಡೀ ದಿನದ ದೃಶ್ಯ ಮನೆಯಲ್ಲಿರುವ ಮೆಮೊರಿ ಕಾರ್ಡಿನಲ್ಲಿರಲಿ, ಚಲನೆ ಕಂಡ ತುಣುಕುಗಳು ಮಾತ್ರ ಕ್ಲೌಡ್‌ಗೆ ಹೋಗಲಿ. ಕಳ್ಳರು ಕ್ಯಾಮೆರಾವನ್ನೇ ಕಿತ್ತೊಯ್ದರೂ ಅಷ್ಟು ಉಳಿಯುತ್ತದೆ.

ನನ್ನ ಸಲಹೆ ಇಷ್ಟು: ಮನೆಯವರೆಗೆ ಮನುಷ್ಯರನ್ನು ಕಳುಹಿಸುವ ಭರವಸೆಯನ್ನು ಬರೆದುಕೊಟ್ಟರೆ 1,400 ರೂಪಾಯಿಯ ಯೋಜನೆಯನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಳ್ಳಿ. ಕೊಡದಿದ್ದರೆ 250 ರೂಪಾಯಿಯದೇ ಸಾಕು. ಬೀಗದ ಕೈಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು, ಅವರ ಮೊಬೈಲಿಗೂ ಸೂಚನೆ ಹೋಗುವಂತೆ ಮಾಡಿ. ಯಾವುದನ್ನು ಆರಿಸಿದರೂ ಬಡಾವಣೆಯ ಪೊಲೀಸ್ ಠಾಣೆಗೆ ಊರಲ್ಲಿರದ ದಿನಗಳನ್ನು ತಿಳಿಸಿ ಹೋಗಿ. ಹಾಲು, ಪತ್ರಿಕೆ ನಿಲ್ಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಸಾಲು ಮನೆಗಳಲ್ಲಿ ಒಂದರ ಮುಂದೆ ಮಾತ್ರ ದಿನಗಟ್ಟಲೆ ರಂಗೋಲಿ ಇಲ್ಲದಿದ್ದರೆ ಅದೂ ಸುಳಿವೇ. ಮನೆಕೆಲಸದವರಿಗೆ ಸಂಬಳ ಮುಂದುವರಿಸಿ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಂತೆ ಹೇಳಿ.

ಪ್ರಶ್ನೆ: 36 ತಿಂಗಳ ಒಪ್ಪಂದಕ್ಕೆ ಸಹಿ ಹಾಕಿದರೆ ಉಪಕರಣ ಉಚಿತವೆನ್ನುತ್ತಾರೆ. ಒಪ್ಪಬಹುದೇ?
– ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: 36 ತಿಂಗಳ ಶುಲ್ಕವನ್ನು ಜಿಎಸ್‌ಟಿ ಸೇರಿಸಿ ಕೂಡಿ ನೋಡಿ, ಉಪಕರಣದ ಬೆಲೆ ಅದರೊಳಗೇ ಇರುತ್ತದೆ. ನಡುವೆ ಬಿಟ್ಟರೆ ಎಷ್ಟು ದಂಡ ಎಂಬ ಸಾಲನ್ನು ಮೊದಲು ಓದಿ. ಆದ ನಷ್ಟಕ್ಕೆ ಹೋಲಿಸಿದರೆ ವಿಪರೀತವೆನಿಸುವ ದಂಡದ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ಒಪ್ಪಂದದ ಸಾಲಿಗೆ ಸೇರಿಸಿದೆ. ತಕರಾರಿದ್ದರೆ 1915 ಸಹಾಯವಾಣಿಗೆ ಕರೆ ಮಾಡಬಹುದು. ಉಪಕರಣದ ಮುಖ್ಯ ಖಾತೆ ನಿಮ್ಮದೇ ಮೊಬೈಲ್ ಸಂಖ್ಯೆಯಲ್ಲಿ ತೆರೆದಿರಬೇಕು; ತಂತ್ರಜ್ಞರು ಇಟ್ಟ ಪಾಸ್‌ವರ್ಡನ್ನು ಅವರು ಗೇಟು ದಾಟಿದ ಕೂಡಲೇ ಬದಲಿಸಿ.