ಹೈಬ್ರಿಡ್, ಬಿಟಿ, ಜೀನ್ ಎಡಿಟಿಂಗ್: ಎಲ್ಲಾ ಒಂದೇ ಏನ್ರಿ?

ಪ್ರಶ್ನೆ: ಸರ್, ನಮ್ದು ಸಿಂಧನೂರು ತಾಲೂಕು, ಹತ್ತಿ ನೆಲ್ಲು ಎರಡೂ ಬೆಳೀತೀವಿ. ಬೀಜದ ಅಂಗಡ್ಯಾಗ ಹೈಬ್ರಿಡ್ ಅಂತಾರ, ಬಿಟಿ ಅಂತಾರ, ಈಗ ಜೀನ್ ಎಡಿಟಿಂಗ್ ನೆಲ್ಲು ಅಂತ ಮೊಬೈಲ್‌ನಾಗ ನೋಡಿದೆ. ಎಲ್ಲಾ ಒಂದೇ ಏನು? ಹೋದ ವರ್ಷದ ಹತ್ತಿ ಬೀಜ ಉಳಿಸಿ ಬಿತ್ತಿದ್ರ ನಡೀತದೇನು?

ಉತ್ತರ: ಒಂದೇ ಅಲ್ರಿ. ನಮ್ಮ ದೇಶದಾಗ ಬಿಟಿ ಹತ್ತಿ ಹೆಚ್ಚುಕಮ್ಮಿ ಎಲ್ಲಾ ಹೈಬ್ರಿಡ್ ಬೀಜದಾಗನ ಮಾರ್ತಾರ, ಒಂದೇ ಪಾಕೀಟಿನ್ಯಾಗ ಎರಡೂ ಬರ್ತಾವ, ಹಿಂಗಾಗಿ ಮಂದಿ ಎರಡನ್ನೂ ಕಲಸಿಬಿಟ್ಟಾರ. ಆದ್ರ ಧಾರವಾಡದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂದದ್ದು 1972ರಾಗ, ಬಿಟಿ ಹತ್ತಿಗೆ ಪರ್ಮಿಶನ್ ಸಿಕ್ಕಿದ್ದು 2002ರಾಗ. ನಡುವಿನ 30 ವರ್ಷ ಹೈಬ್ರಿಡ್ ಹಾಕಿದೋರು ಬಿಟಿ ಇಲ್ಲದನ ಬೆಳದ್ರಲ್ಲ.

ಹೈಬ್ರಿಡ್ ಅಂದ್ರ ಬ್ಯಾರೆ ಬ್ಯಾರೆ ತಂದಿ-ತಾಯಿ ಸಾಲು ಕ್ರಾಸ್ ಮಾಡಿ ತಗದ ಮೊದಲನೇ ಪೀಳಿಗಿ ಬೀಜ. ಸೀಡ್ಸ್ ಪ್ಲಾಟಿನ್ಯಾಗ ಹೆಣ್ಮಕ್ಕಳು ಸಂಜಿಮುಂದ ಮೊಗ್ಗು ಸುಲದು ಗಂಡುಭಾಗ ತಗದು, ಮರುದಿನ ಮುಂಜಾನೆ ಇನ್ನೊಂದು ಸಾಲಿನ ಹೂವಿನ ಪುಡಿ ಸವರ್ತಾರ ನೋಡ್ರಿ, ಅದ ಕೆಲಸ. ಹೊರಗಿನ ಜೀನ್, ಅಂದ್ರ ಗಿಡದ ಗುಣ ಹಿಂಗಿರಬೇಕು ಅಂತ ಹೇಳೋ ಅಂಶ, ಏನೂ ಸೇರಂಗಿಲ್ಲ.

ಬಿಟಿ ಹಂಗಲ್ಲ. ಮಣ್ಣಿನ್ಯಾಗಿರೋ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾದ ಜೀನ್ ಲ್ಯಾಬಿನ್ಯಾಗ ಹತ್ತಿಗೆ ಸೇರಿಸ್ಯಾರ, ಅದರಿಂದ ಗಿಡದಾಗ ತಯಾರಾಗೋ ಪ್ರೋಟೀನ್ ತಿಂದ್ರ ಕಾಯಿಕೊರಕ ಸಾಯ್ತದ. ಹಿಂಗ ಜೀನ್ ಸೇರಿಸಿದ್ದಕ್ಕ ಜಿಎಂ ಅಂತಾರ. ಅಂಗಡ್ಯಾಗ ಯಾರರ ಬಿಟಿ ಹಾಕಿದ್ರ ಎಣ್ಣಿ ಹೊಡಿಯೋದ ಬ್ಯಾಡ ಅಂದ್ರ ನಂಬಬ್ಯಾಡ್ರಿ, ಜಿಗಿಹುಳ, ಥ್ರಿಪ್ಸ್ ಅಂಥ ರಸ ಹೀರೋ ಹುಳಕ್ಕ ಇದರಿಂದ ಏನೂ ಆಗಂಗಿಲ್ಲ, ಗುಲಾಬಿ ಕಾಯಿಕೊರಕಂತೂ ಈಗ ಬಿಟಿಗೂ ಜಗ್ಗವಲ್ದು.

ಜೀನ್ ಎಡಿಟಿಂಗ್‌ನಾಗ ಗಿಡದ ಸ್ವಂತ ಜೀನ್‌ನಾಗನ ಒಂದು ಜಾಗದಾಗ ತಿದ್ದುಪಡಿ ಮಾಡ್ತಾರ. ನೀವು ಮೊಬೈಲ್‌ನಾಗ ನೋಡಿದ್ದು ಬಹುಶಃ ಕಮಲಾ ಇರಬೇಕು, ಅಂದ್ರ ಡಿಆರ್‌ಆರ್ ಧಾನ್ 100. ನಮ್ಮ ಕಡಿ ಬಿಪಿಟಿ ಅಂತ ಕರೀತೀವಲ್ಲ, ಆ ಸಾಂಬಾ ಮಸೂರಿನ ತಿದ್ದಿ ತೆನ್ಯಾಗ ಕಾಳು ಜಾಸ್ತಿ ಆಗೋ ಹಂಗ ಮಾಡಿದ್ದು, 2025ರ ಮೇ ತಿಂಗಳಾಗ ಅನೌನ್ಸ್ ಆತು. ಬ್ಯಾರೆ ಜೀವಿದು ಜೀನ್ ಅದರಾಗ ಉಳಿದಿಲ್ಲ, ಹಿಂಗಾಗಿ ಬಿಟಿಗೆ ಇರೋ ಅಷ್ಟು ಕಾನೂನು ಬಿಗಿ ಇದಕ್ಕಿಲ್ಲ.

ಇನ್ನ ಬೀಜ ಉಳಿಸೋದು. ಹತ್ತಿ ಬ್ಯಾಡ್ರಿ. ಹೈಬ್ರಿಡ್ ಗಿಡದ ಬೀಜ ಬಿತ್ತಿದ್ರ ತಂದಿ-ತಾಯಿ ಗುಣ ಒಡದು ಒಂದು ಗಿಡ ಎತ್ತರ, ಒಂದು ಗಿಡ್ಡ, ಕಾಯಿ ಬಿಡೋದೂ ಹಿಂದ ಮುಂದ ಆಗ್ತದ. ಬಿಟಿ ಜೀನೂ ಹಂಗ: ತಂದಿ ಇಲ್ಲಾ ತಾಯಿ, ಒಂದೇ ಕಡಿಯಿಂದ ಬಂದ ಒಂದು ಜೀನ್ ಲೆಕ್ಕ ಹಿಡದ್ರ ನಾಕು ಗಿಡದಾಗ ಒಂದಕ್ಕ ಆ ಜೀನ್ ಇರಂಗಿಲ್ಲ, ಅಲ್ಲೇ ಹುಳ ಬೀಳ್ತದ. ಬಿಪಿಟಿ ನೆಲ್ಲು ಹೈಬ್ರಿಡ್ ಅಲ್ಲ, ಬೀಜ ಬಿತ್ತಿದ್ರ ಅದ ಗುಣ ಬರೋ ತಳಿ, ಬೆರಕಿ ತೆನಿ ಕಿತ್ತು ಹಾಕಿ ಚೊಲೋತ್ನಾಗಿ ಒಣಗಿಸಿಟ್ರ ಮುಂದಿನ ಬೆಳಿಗೆ ಅದನ್ನ ಬಿತ್ತಬಹುದು. ಪಾಕೀಟಿನ ಮ್ಯಾಲೆ ಹೈಬ್ರಿಡ್ ಅಂತ ಇದ್ರ ಮಾತ್ರ ನೆಲ್ಲಾದ್ರೂ ಅಷ್ಟ, ವರ್ಷಾ ಹೊಸಾದು ಕೊಳ್ಳೇಬೇಕು.