ಪಿಕಪ್ ಮೇಲೆ ಕ್ಯಾಂಪರ್ ಕೂರಿಸಿದ್ರೆ ವಾರಂಟಿ ಹೋಗುತ್ತಾ?

ಪ್ರಶ್ನೆ: ನಾವಿರೋದು ಅಮೆರಿಕದಲ್ಲಿ, ಮುಕ್ಕಾಲು ಟನ್ನಿನ ಡೀಸೆಲ್ ಪಿಕಪ್ ಇದೆ, ವಾರಂಟಿ ಇನ್ನೂ ಮುಗಿದಿಲ್ಲ. ಹಿಂದಿನ ಬೆಡ್ ಮೇಲೆ ಕೂರಿಸೋ ಕ್ಯಾಂಪರ್ (ಮಲಗೋಕೆ, ಅಡುಗೆಗೆ ಜಾಗ ಇರೋ ಪುಟ್ಟ ಮನೆ ಥರದ್ದು) ತಗೋಬೇಕು ಅಂತಿದೀವಿ. ಟ್ರಕ್ ಬಾಗಿಲ ಹತ್ರ ಇರೋ ಸ್ಟಿಕರ್‌ನಲ್ಲಿ ಹೊರಬಹುದಾದ ಭಾರ 2,900 ಪೌಂಡ್ ಅಂತಿದೆ, ಕ್ಯಾಂಪರ್ ಬ್ರೋಷರ್‌ನಲ್ಲಿ 2,550. ಸಾಕಲ್ವಾ? ಡೀಲರ್ ಮಾತ್ರ ಕ್ಯಾಂಪರ್ ಹಾಕಿದ್ರೆ ವಾರಂಟಿ ಮುಗೀತು ಅಂತ ಹೆದರಿಸ್ತಿದಾರೆ.

ಉತ್ತರ: ಸಾಲಲ್ಲ. ಬ್ರೋಷರ್‌ನಲ್ಲಿರೋ 2,550 ಖಾಲಿ ಕ್ಯಾಂಪರ್ ತೂಕ, ಅಂದ್ರೆ ನೀರಿಲ್ಲ, ಗ್ಯಾಸ್ ಇಲ್ಲ, ಎಷ್ಟೋ ಸಲ ಬ್ಯಾಟರಿ, ಮೇಲಿನ ಎಸಿ ಕೂಡ ಲೆಕ್ಕಕ್ಕಿರಲ್ಲ. ಒಂದು ಗ್ಯಾಲನ್ ನೀರೇ 8.34 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 334 ಬಂತು. ಗ್ಯಾಸು ಬ್ಯಾಟರಿಗೆ 150 ಇಟ್ಕೊಳ್ಳಿ, ಪಾತ್ರೆ ಪಗಡ ಹಾಸಿಗೆ ಕುರ್ಚಿ ಅಂತ 250, ಆಮೇಲೆ ಎಲ್ಲರೂ ಮರೆಯೋದು, ಸ್ಟಿಕರ್‌ನಲ್ಲಿರೋ ಸಂಖ್ಯೆ ಒಳಗೆ ಕೂತಿರೋ ಜನರನ್ನೂ ಸೇರಿಸ್ಕೊಂಡೇ ಇರೋದು, ನೀವಿಬ್ಬರು ಒಂದು ಮಗು ಅಂದ್ರೂ 400. ಒಟ್ಟು 3,700ರ ಹತ್ರ ಹೋಯ್ತು, 800 ಪೌಂಡ್ ಜಾಸ್ತಿ! ಮುಕ್ಕಾಲು ಟನ್, ಒಂದು ಟನ್ ಅನ್ನೋದೆಲ್ಲ ಹಳೇ ಕಾಲದಿಂದ ಉಳ್ಕೊಂಡಿರೋ ಹೆಸರು, ಅದನ್ನ ನಂಬ್ಕೊಂಡು ಲೆಕ್ಕ ಹಾಕ್ಬೇಡಿ. ನಿಮ್ಮದೇ ಮಾಡೆಲ್ ಪೆಟ್ರೋಲ್ ಇಂಜಿನ್‌ದಾಗಿದ್ರೆ ಇನ್ನೂ ಸ್ವಲ್ಪ ಹೆಚ್ಚು ಹೊರ್ತಿತ್ತು, ಯಾಕಂದ್ರೆ ಡೀಸೆಲ್ ಇಂಜಿನ್ನೇ ಭಾರ, ಅದು ನಿಮ್ಮ ಪೇಲೋಡ್ (ಗಾಡಿ ಹೊರಬಹುದಾದ ಭಾರ) ತಿನ್ನುತ್ತೆ.

ಇನ್ನು ವಾರಂಟಿ. ಕ್ಯಾಂಪರ್ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ಹೋಗಲ್ಲ, ಡೀಲರ್ ಹೇಳಿದ್ದು ಹೆದರಿಸೋ ಮಾತು. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಪಾರ್ಟ್ ಹಾಕಿದೀರಿ ಅನ್ನೋ ಒಂದೇ ಕಾರಣಕ್ಕೆ ಕಂಪನಿಯವರು ಕೈ ತೊಳ್ಕೊಳ್ಳೋ ಹಾಗಿಲ್ಲ, ಆ ಪಾರ್ಟಿಂದಲೇ ಕೆಟ್ಟಿದ್ದು ಅಂತ ಅವರು ತೋರಿಸ್ಬೇಕು. ಆದ್ರೆ ವಾರಂಟಿ ಪುಸ್ತಕದಲ್ಲಿ ಓವರ್‌ಲೋಡ್‌ನಿಂದ ಆದ ಹಾನಿಗೆ ಕವರ್ ಇಲ್ಲ ಅಂತ ಒಂದು ಸಾಲು ಇದ್ದೇ ಇರುತ್ತೆ, ಕಾಯ್ದೆ ಅದನ್ನ ಅಳಿಸಲ್ಲ. ಡ್ಯಾಶ್‌ಬೋರ್ಡ್ ಸ್ಕ್ರೀನ್ ಕೆಟ್ರೆ ಕ್ಯಾಂಪರ್ ಮೇಲೆ ಗೂಬೆ ಕೂರಿಸಕ್ಕಾಗಲ್ಲ, ಹಿಂದಿನ ಸ್ಪ್ರಿಂಗ್ ಮುರಿದ್ರೆ ಅಥವಾ ಆಕ್ಸಲ್ ಬೇರಿಂಗ್ ಹೋದ್ರೆ ಮೊದಲು ಕೇಳೋದೇ ಎಷ್ಟು ಹೊತ್ತಿದ್ರಿ ಅಂತ.

ಅದಕ್ಕೇ ತೂಕದ ಚೀಟಿ ಇಟ್ಕೊಳ್ಳಿ. ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ಗಾಡಿ ತೂಗೋ ಕಾಟಾ ಇರುತ್ತೆ, ಮುಂದಿನ ಚಕ್ರ ಒಂದು ಪ್ಲಾಟ್‌ಫಾರ್ಮ್ ಮೇಲೆ, ಹಿಂದಿನದು ಇನ್ನೊಂದರ ಮೇಲೆ ನಿಲ್ಲಿಸಿದ್ರೆ ಬೇರೆ ಬೇರೆ ತೂಕ ಪ್ರಿಂಟ್ ಕೊಡ್ತಾರೆ. ಒಟ್ಟು ತೂಕ ಸರಿ ಇದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು, ಕ್ಯಾಂಪರ್‌ನಲ್ಲಿ ಹೆಚ್ಚಾಗಿ ಆಗೋದೇ ಹಾಗೆ. ಕ್ಯಾಂಪರ್ ಪಕ್ಕದಲ್ಲಿ ಅದರ ಭಾರದ ಕೇಂದ್ರ ಎಲ್ಲಿ ಅಂತ ಗುರುತು ಇರುತ್ತೆ, ಅದು ಹಿಂದಿನ ಆಕ್ಸಲ್‌ಗಿಂತ ಮುಂದೇನೇ ಬೀಳ್ಬೇಕು, ಹಿಂದಕ್ಕೆ ಹೋದ್ರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲಿದ ಹಾಗಾಗುತ್ತೆ. ಗ್ಲೋವ್ ಬಾಕ್ಸಲ್ಲಿರೋ ಕ್ಯಾಂಪರ್ ಲೋಡಿಂಗ್ ಹಾಳೆ ಓದಿ, ಕೆಲವು ಪಿಕಪ್‌ಗಳಿಗೆ ಕ್ಯಾಂಪರ್ ಬೇಡ ಅಂತಲೇ ಬರೆದಿರ್ತಾರೆ.

ಪ್ರಶ್ನೆ: ಏರ್ ಸ್ಪ್ರಿಂಗ್ (ಹಿಂದಿನ ಆಕ್ಸಲ್ ಹತ್ರ ಕೂರಿಸೋ ಗಾಳಿ ತುಂಬಿದ ಚೀಲ) ಹಾಕಿಸಿದ್ರೆ ಇನ್ನೂ ಹೆಚ್ಚು ಹೊರಬಹುದು ಅಂತಾರೆ, ನಿಜಾನಾ?

ಉತ್ತರ: ಇಲ್ಲ. ಹಿಂದುಗಡೆ ಕುಸಿದಿದ್ದು ಎದ್ದು ನಿಲ್ಲುತ್ತೆ, ಓಲಾಟ ಕಮ್ಮಿ ಆಗುತ್ತೆ, ಅಷ್ಟೇ. ಸ್ಟಿಕರ್‌ನಲ್ಲಿರೋ ಸಂಖ್ಯೆ ಒಂದು ಪೌಂಡೂ ಮೇಲೇರಲ್ಲ, ಬ್ರೇಕು, ಆಕ್ಸಲ್ಲು, ಟೈರು ಎಲ್ಲ ಅವೇ ತಾನೇ? ಭಾರದ ಕ್ಯಾಂಪರೇ ಬೇಕು ಅಂದ್ರೆ ಹಿಂದೆ ನಾಲ್ಕು ಚಕ್ರ ಇರೋ ಒಂದು ಟನ್ ಡ್ಯೂಯಲಿ ನೋಡಿ. ಒಂದು ಮಾತು, ಜಿವಿಡಬ್ಲ್ಯುಆರ್ (ಗಾಡಿ, ಜನ, ಸಾಮಾನು ಎಲ್ಲ ಸೇರಿ ಕಂಪನಿ ಇಟ್ಟಿರೋ ಗರಿಷ್ಠ ತೂಕ) 10,000 ಪೌಂಡ್ ದಾಟಿದ ಗಾಡಿಗಳಲ್ಲಿ ನಿಮ್ಮದರ ಥರ ಜನ ಪ್ಲಸ್ ಸಾಮಾನಿನ ಸ್ಟಿಕರ್ ಇಲ್ಲದೇ ಇರಬಹುದು, ಆಗ ಟ್ಯಾಂಕ್ ಫುಲ್ ಮಾಡಿಸಿ, ಎಲ್ಲರೂ ಕೂತು, ಕ್ಯಾಂಪರ್ ಇಲ್ಲದೇ ಟ್ರಕ್ ತೂಗಿಸಿ ಜಿವಿಡಬ್ಲ್ಯುಆರ್‌ನಿಂದ ಕಳೀರಿ, ಉಳಿದಿದ್ದು ಕ್ಯಾಂಪರ್‌ಗೂ ಅದರೊಳಗಿನ ಸಾಮಾನಿಗೂ.