ಫೋಟೊ ಬೇಡ ಎನ್ನುವ ಮಗಳ ಮಾತು ಕೇಳಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಕೊರೊನಾ ಸಮಯದಲ್ಲಿ ನಾವು, ಭಾವ, ವಾರಗಿತ್ತಿ, ವಾಕಿಂಗ್ ಗೆಳೆಯರು ಸೇರಿ ಸಣ್ಣದೊಂದು ಫುಡ್ ಬ್ಯಾಂಕ್ ಶುರು ಮಾಡಿದೆವು. ಈಗಲೂ ತಿಂಗಳಿಗೊಂದು ಭಾನುವಾರ ಕಷ್ಟದಲ್ಲಿರುವವರಿಗೆ ರೇಷನ್ ಕಿಟ್ ಕೊಡುತ್ತೇವೆ. ಪಿಯುಸಿ ಓದುವ ಮಗಳೂ ಖುಷಿಯಿಂದ ಬರುತ್ತಿದ್ದಳು. ಕಳೆದ ತಿಂಗಳು ಅವಳ ಕ್ಲಾಸಿನ ಹುಡುಗಿಯ ತಾಯಿ ಸಾಲಿನಲ್ಲಿ ನಿಂತಿದ್ದರು. ಭಾವ ಅವರಿಗೆ ಕಿಟ್ ಕೊಡುವ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಯಿತು. ಕಾಲೇಜಿನವರೂ ನೋಡಿದರು. ಆ ಹುಡುಗಿ ಮಗಳ ಜೊತೆ ಮಾತು ಬಿಟ್ಟಿದ್ದಾಳೆ. ಮಗಳು ‘ನಾನಿನ್ನು ಬರಲ್ಲ’ ಎನ್ನುತ್ತಾಳೆ. ಯಜಮಾನರು ‘ಸೇವೆ ಮಾಡೋಕೆ ನಾಚಿಕೆನಾ’ ಎಂದು ಬೈಯುತ್ತಾರೆ. ಜಾಸ್ತಿ ಹಣ ಹಾಕುವವರು ಭಾವನೇ. ಅವರಿಗೆ ಹೇಳಿದರೆ ಸಂಬಂಧ ಕೆಡುತ್ತದೇನೋ ಎಂಬ ಭಯ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಮಗಳಿಗೆ ಸೇವೆ ಮಾಡಲು ನಾಚಿಕೆ ಇಲ್ಲಮ್ಮ. ಗೆಳತಿಯ ಅಮ್ಮ ಊರವರ ಕಣ್ಣಿಗೆ ಹಾಗೆ ಬಿದ್ದರಲ್ಲ ಎಂದು ಅವಳಿಗೆ ನೋವಾಗಿದೆ. ನಿಮ್ಮೆಲ್ಲರಿಗಿಂತ ಮೊದಲು ಅದನ್ನು ಕಂಡವಳು ಅವಳು. ಇದನ್ನು ಮೊದಲು ನಿಮ್ಮ ಯಜಮಾನರಿಗೆ ಬಿಡಿಸಿ ಹೇಳಿ. ‘ಸುಮ್ನೆ ಬೈದುಬಿಟ್ಟೆ’ ಎಂದು ಅವರೇ ಮಗಳ ಹತ್ತಿರ ಹೇಳಿದರೆ ಇನ್ನೂ ಒಳ್ಳೆಯದು.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದಾಗ ಭಕ್ತರು ಹಂಚುವ ಪ್ರಸಾದಕ್ಕೆ ನಾವೆಲ್ಲ ಸಾಲು ನಿಲ್ಲುತ್ತೇವೆ, ಅಲ್ವಾ? ಬಸ್ಸಲ್ಲಿ ಬಂದವರೂ ನಿಲ್ಲುತ್ತಾರೆ, ಸಾವಿರ ಮೆಟ್ಟಿಲು ಹತ್ತಿ ಬಂದವರೂ ನಿಲ್ಲುತ್ತಾರೆ. ಕೈಯೊಡ್ಡಿ ಇಸಿದುಕೊಳ್ಳಲು ಯಾರಿಗೂ ಮುಜುಗರ ಇಲ್ಲ. ಯಾರಿಗೆ ಹಸಿವು, ಯಾರಿಗೆ ಭಕ್ತಿ ಎಂದು ಅಲ್ಲಿ ಯಾರೂ ವಿಂಗಡಿಸುವುದಿಲ್ಲ. ನಿಮ್ಮ ಕಿಟ್ ಸಾಲು ಹಾಗಲ್ಲ. ಅಲ್ಲಿ ನಿಂತರೆ ಸಾಕು, ಮನೆಯಲ್ಲಿ ಕಷ್ಟ ಇದೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಅದರ ಮೇಲೆ ಫೋಟೊ ಬೇರೆ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ನಿಜ. ಗ್ರೂಪಿಗೆ ಹಾಕಿದ್ದು, ಯಾರೋ ಸ್ಕ್ರೀನ್‌ಶಾಟ್ ತೆಗೆದದ್ದು ಹೋಗುವುದಿಲ್ಲ. ಇವತ್ತೇ ಎಲ್ಲರ ಫೋನಿನಿಂದ ತೆಗೆಸಿ.

ಇನ್ನು ನಿಮ್ಮ ಭಾವನ ವಿಷಯ. ಅವರದು ಬರೀ ತೋರಿಕೆ ಎಂದು ಎಣಿಸಬೇಡಿ. ನಾಲ್ಕು ಜನರಿಂದ ಹಣ ಎತ್ತುವವರಿಗೆ ‘ದುಡ್ಡು ಎಲ್ಲಿ ಹೋಯಿತು’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಫೋಟೊ ಉತ್ತರವಾಗಿಬಿಟ್ಟಿದೆ. ಬರೀ ‘ಬೇಡ’ ಎನ್ನುವ ಬದಲು ಅವರ ಕೈಗೆ ಬೇರೊಂದು ಲೆಕ್ಕ ಕೊಡಿ. ದಿನಸಿ ಅಂಗಡಿಯ ಬಿಲ್ಲು, ಜೋಡಿಸಿಟ್ಟ ಚೀಲಗಳ ಫೋಟೊ, ಎಷ್ಟು ಬಂತು ಎಷ್ಟು ಹೋಯಿತು ಎಂದು ಬರೆದ ಪುಸ್ತಕದ ಒಂದು ಪುಟ. ಹಣ ಕೊಟ್ಟವರಿಗೆ ಇಷ್ಟು ಸಾಕು. ಮಾತಾಡುವುದು ನಿಮ್ಮ ಯಜಮಾನರೇ ಆಗಲಿ, ಭಾನುವಾರ ಎಲ್ಲರೆದುರು ಬೇಡ. ಮನೆಗೆ ಹೋಗಿ, ಕಾಫಿ ಕುಡಿಯುತ್ತಾ, ‘ಅಣ್ಣ, ಆ ಫೋಟೊದಿಂದ ಒಬ್ಬರಿಗೆ ತುಂಬಾ ಬೇಜಾರಾಗಿದೆ, ಇನ್ಮೇಲೆ ಚೀಲದ ಫೋಟೊ ಮಾತ್ರ ಹಾಕೋಣ’ ಎಂದರೆ ಆಯಿತು. ಆ ಒಬ್ಬರು ಯಾರು ಎಂದು ಹೇಳಬೇಕಾಗಿಲ್ಲ. ಇಷ್ಟಕ್ಕೂ ಅವರು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ. ಒಡಹುಟ್ಟಿದವರ ಕೋಪ ಇಳಿಯುತ್ತದೆ. ಆ ತಾಯಿ ಮಾತ್ರ ಇನ್ನೊಂದು ಫೋಟೊ ತಾಳಲಾರರು.

ಫೋಟೊ ನಿಂತರೂ ಆ ಸಾಲು ಹಾಗೇ ಉಳಿದರೆ ಅರ್ಧ ಕೆಲಸವೇ ಆದಂತೆ. ಎಲ್ಲರನ್ನೂ ಬೆಳಿಗ್ಗೆ ಹತ್ತಕ್ಕೇ ಕರೆಯಬೇಡಿ. ಸಂಜೆಯವರೆಗೆ ಯಾವಾಗ ಬೇಕಾದರೂ ಬರಲಿ. ಕಟ್ಟಿಟ್ಟ ಕಿಟ್ ಕೊಡುವ ಬದಲು ಸಾಮಾನನ್ನು ಮೇಜಿನ ಮೇಲೆ ಹರಡಿ, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ. ಇದರಲ್ಲಿ ನಿಮಗೂ ಲಾಭ ಇದೆ. ಅನ್ನಭಾಗ್ಯ 2013ರಿಂದ ಇದೆ. ಬಿಪಿಎಲ್ ಕಾರ್ಡ್ ಇರುವ ಮನೆಯಲ್ಲಿ ಅಕ್ಕಿ ಹೇಗೋ ಇರುತ್ತದೆ. ತಿಂಗಳ ಕೊನೆಗೆ ಖಾಲಿಯಾಗುವುದು ತೊಗರಿಬೇಳೆ, ಎಣ್ಣೆ, ಖಾರದ ಪುಡಿ. ಮುದ್ದೆ ಉಣ್ಣುವವರು ರಾಗಿ ಹಿಟ್ಟು ನೋಡಿದರೆ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಕಾರ್ಡೇ ಇಲ್ಲದ ಬಾಡಿಗೆ ಮನೆಯವರಿಗೆ ಅಕ್ಕಿಯೇ ಬೇಕಿರಬಹುದು. ಒಂದೇ ಅಳತೆಯ ಚೀಲ ಎಲ್ಲರಿಗೂ ಹೊಂದುವುದಿಲ್ಲ. (ಸೋಪು, ಸ್ಯಾನಿಟರಿ ಪ್ಯಾಡ್ ಕೂಡ ಇಡಿ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಕಣ್ಣಿಗೆ ಕಂಡರೆ ತೆಗೆದುಕೊಳ್ಳುತ್ತಾರೆ.)

ಆ ತಾಯಿಯನ್ನು ನೀವೊಬ್ಬರೇ ಹೋಗಿ ನೋಡಿ. ಕೈಯಲ್ಲಿ ಕಿಟ್ ಹಿಡಿದು ಹೋಗಬೇಡಿ. ಹಾಗೆ ಹೋದರೆ ಕ್ಷಮೆ ಕೇಳಿದ್ದು ಕೂಡ ದಾನದ ಹಾಗೆ ಕಾಣುತ್ತದೆ. ‘ಕೇಳದೆ ಫೋಟೊ ತೆಗೆದದ್ದು ನಮ್ಮ ತಪ್ಪು, ಎಲ್ಲ ಕಡೆ ಡಿಲೀಟ್ ಮಾಡಿಸಿದ್ದೇವೆ’ ಎಂದು ನೇರವಾಗಿ ಹೇಳಿ. ಇನ್ನು ಮೇಲೆ ಸಾಲು ಇರುವುದಿಲ್ಲ, ಯಾವ ಹೊತ್ತಿಗೆ ಬೇಕಾದರೂ ಬರಬಹುದು ಎಂದೂ ತಿಳಿಸಿ. ಅವರು ಮುಖ ಕೊಟ್ಟು ಮಾತಾಡದಿದ್ದರೂ ನೀವು ಬೇಸರ ಮಾಡಿಕೊಳ್ಳಬೇಡಿ. ನನಗೆ ಹೆಚ್ಚು ಆತಂಕ ಆಗುತ್ತಿರುವುದೂ ಅವರ ಬಗ್ಗೆಯೇ. ಅವಮಾನಕ್ಕೆ ಹೆದರಿ ಬರುವುದನ್ನೇ ಬಿಟ್ಟರೆ ಆ ಮನೆಯ ಒಲೆ ಕಷ್ಟಕ್ಕೆ ಬೀಳುತ್ತದೆ. ಹುಡುಗಿಯರಿಬ್ಬರ ನಡುವೆ ಮಾತ್ರ ನೀವು ಹೋಗಬೇಡಿ. ‘ಅಮ್ಮನಿಗೆ ಹೇಳಿ ಫೋಟೊ ಡಿಲೀಟ್ ಮಾಡಿಸಿದೆ ಕಣೇ’ ಎಂಬ ಒಂದು ಮಾತು ಮಗಳ ಬಾಯಿಂದ ಬಂದರೆ ಸಾಕು. ಗೆಳತಿ ಯಾವಾಗ ಮಾತಾಡಬೇಕೋ ಆಗ ಮಾತಾಡುತ್ತಾಳೆ.

ಮಗಳಿಗೆ ಇಷ್ಟ ಇದ್ದರೆ ಶನಿವಾರ ಸಂಜೆಯ ಕೆಲಸ ಕೊಡಿ. ಪೊಟ್ಟಣಗಳ ಮೇಲಿನ ಡೇಟ್ ನೋಡುವುದು, ಹುಳ ಬಿದ್ದ ಬೇಳೆ ಬೇರೆ ಇಡುವುದು, ಲೆಕ್ಕದ ಪುಸ್ತಕ ಬರೆಯುವುದು. ಇದಿಲ್ಲದೆ ಫುಡ್ ಬ್ಯಾಂಕ್ ನಡೆಯುವುದಿಲ್ಲ, ಮತ್ತು ಇದರಲ್ಲಿ ಅವಳು ಯಾರ ಎದುರೂ ನಿಲ್ಲಬೇಕಾಗಿಲ್ಲ. ಅದೂ ಬೇಡ ಎಂದರೆ ಬಿಟ್ಟುಬಿಡಿ, ಈ ವರ್ಷ ಓದಿಕೊಳ್ಳಲಿ. ಭಾನುವಾರ ಯಾರಾದರೂ ‘ಎಲ್ಲಿ ಮಗಳು ಕಾಣ್ತಾನೇ ಇಲ್ಲ’ ಎಂದು ಕೇಳಿದರೆ ಓದ್ತಾ ಇದ್ದಾಳೆ ಎನ್ನಿ. ಕಾರಣ ಬಿಡಿಸಿ ಹೇಳಲು ಹೋದರೆ ಆ ತಾಯಿಯ ಹೆಸರು ಮತ್ತೆ ಹತ್ತು ಜನರ ಬಾಯಿಗೆ ಬೀಳುತ್ತದೆ.